ಬಯಲಲ್ಲಿ ನಿಂತ ಬಾಗಿಲು

ಹೊಳೆದಂಡೆಯ ನೀಲವ್ವ ತಾಯಿಗೆ ಆಶ್ರಮವಿತ್ತು, ಮನೆ ಇರಲಿಲ್ಲ. ಒಂದು ಬೇವಿನ ಮರ, ಅದರ ಕೆಳಗೊಂದು ಚಪ್ಪರ, ಸುತ್ತ ಬಯಲು. ಬರುವವರು ಯಾವ ಕಡೆಯಿಂದಲಾದರೂ ಬರುತ್ತಿದ್ದರು.

ಒಂದು ಮಳೆಗಾಲದಲ್ಲಿ ಚಪ್ಪರ ಕೊಚ್ಚಿಹೋಯಿತು. ಬಂದವರು ತಂಗಲು ಮನೆಯೊಂದನ್ನು ಕಟ್ಟೋಣ ಎಂದರು ಊರವರು. ತಾಯಿ ಆಗಲಿ ಎಂದಳು.

ಆ ಸೀಮೆಯಲ್ಲಿ ಮನೆ ಕಟ್ಟುವಾಗ ಮೊದಲು ಬಾಗಿಲು ನಿಲ್ಲಿಸುತ್ತಾರೆ. ಗೋಡೆ ಆಮೇಲೆ. ಬರಿಯ ನೆಲದ ಮೇಲೆ ಚೌಕಟ್ಟು ನಿಲ್ಲಿಸಿ, ಮಾವಿನೆಲೆಯ ತೋರಣ ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ. ಸುತ್ತ ಏನೂ ಇರುವುದಿಲ್ಲ. ಬಾಗಿಲೊಂದೇ ಇರುತ್ತದೆ.

ಬಾಗಿಲನ್ನು ದೇಸಾಯರು ಕೊಟ್ಟರು. ಅವರ ವಾಡೆ ಬಿದ್ದುಹೋಗಿ ಬಾಗಿಲು ಮಾತ್ರ ಉಳಿದಿತ್ತು. ಎರಡಾಳು ಎತ್ತರದ ತೇಗದ ಬಾಗಿಲು. ನೆತ್ತಿಯ ಮೇಲೆ ಗಜಲಕ್ಷ್ಮಿ, ಎರಡೂ ಪಕ್ಕ ಸಿಂಹ, ಕದದ ತುಂಬ ಬಳ್ಳಿ, ಬಳ್ಳಿಯ ತುಂಬ ಗಿಳಿ. ಗಾಡಿಯಿಂದ ಇಳಿಸಿದಾಗ ಊರೇ ಕೈಮುಗಿಯಿತು.

ಮೈಲಾರಿ ಕೈಮುಗಿಯಲಿಲ್ಲ.

ಮೈಲಾರಿ ನೀಲವ್ವನ ಶಿಷ್ಯ, ಊರ ಹೊರಗಿನ ಕೇರಿಯವನು. ಅರಿವು ಬೇಕೆಂದು ಬಂದವನು ಸಿಟ್ಟನ್ನೂ ಜೊತೆಗೆ ತಂದಿದ್ದ. ಆ ಬಾಗಿಲನ್ನು ಅವನು ಬಲ್ಲ. ಅವನ ತಾಯಿ ಹುಲಿಗೆವ್ವ ದೇಸಾಯರ ಅಂಗಳ ಗುಡಿಸಿ, ಅದರ ಎದುರು ಸೆರಗೊಡ್ಡಿ ನಿಲ್ಲುತ್ತಿದ್ದಳು. ಒಳಗಿನಿಂದ ರೊಟ್ಟಿ ಹಾರಿ ಬಂದು ಸೆರಗಿಗೆ ಬೀಳುತ್ತಿತ್ತು. ಒಮ್ಮೆ ಅವಳ ಮಗು ತೆವಳಿಕೊಂಡು ಹೋಗಿ ಹೊಸ್ತಿಲು ಹಿಡಿದು ಎದ್ದು ನಿಂತಿತು. ಮಗು ಮೊದಲ ಸಲ ಎದ್ದು ನಿಂತಿತೆಂದು ಯಾರೂ ಹಿಗ್ಗಲಿಲ್ಲ. ಹೊಸ್ತಿಲಿಗೆ ಸಗಣಿ ಹಾಕಿ ತೊಳೆದರು.

ಆ ಮಗು ಮೈಲಾರಿ.

ಅವನು ಕೊಡಲಿ ಹೆಗಲಿಗೇರಿಸಿ ಬಂದ.

"ಎಲ್ಲಿಗೋ?" ಎಂದಳು ನೀಲವ್ವ.

"ಕಟಿಗಿ ಒಡ್ಯಾಕ."

"ಒಲಿಗೆ ಬೇವಿನ ಚಕ್ಕಿ ಅದಾವಲ್ಲ."

"ತಾಯಿ, ಈ ಬಾಗಿಲು ಇಲ್ಲಿ ನಿಂತರ ನಾ ಇರಂಗಿಲ್ಲ. ಇದು ಇರಬೇಕು, ಇಲ್ಲಾ ನಾ ಇರಬೇಕು."

ನೀಲವ್ವ ಬಾಗಿಲಿನ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸಿದಳು.

"ಬಾಗಿಲು ಯಾಕ ಮಾಡ್ಯಾರ, ಹೇಳು."

"ನಮ್ಮನ್ನ ಹೊರಗ ಇಡಾಕ."

"ಅದಕ್ಕ ಗ್ವಾಡಿ ಸಾಕಾಗತಿತ್ತಲ್ಲೋ. ಗ್ವಾಡಿ ಕಟ್ಟಿ ಮತ್ತ ಅದರಾಗ ತೂತು ಯಾಕ ಬಿಟ್ರು?"

ಮೈಲಾರಿಯ ದನಿ ಏರಿತು.

"ತಾವು ಹೋಗಿ ಬರಾಕ! ಇನ್ಯಾತಕ್ಕ?"

"ಆತು. ನಾಳೆ ಮುಂಜಾನೆ ಬಾಗಿಲು ನಿಲ್ಲಸ್ತಾರ. ಹೊಸ್ತಿಲ ಪೂಜಿಗೆ ನಿಮ್ಮವ್ವನ್ನ ಕರಕೊಂಡು ಬಾ."

"ಮತ್ತ ಅದರ ಮುಂದನ ತಂದು ನಿಲ್ಲಿಸಲೇನು ಆಕಿನ್ನ? ಬರಂಗಿಲ್ಲ ನಮ್ಮವ್ವ."

"ಕರದು ನೋಡು. ಬರಲಿಲ್ಲಂದ್ರ ನಾನ ಕದ ಹಿಡೀತೀನಿ, ನೀ ಒಡಿ."

ಮೈಲಾರಿ ಕೊಡಲಿಯನ್ನು ನೋಡಿಕೊಂಡ.

"ಅದನ್ನೂ ತಾ," ಎಂದಳು ನೀಲವ್ವ. "ನಾಳೆ ಕೆಲಸಕ್ಕ ಬರತೈತಿ."

ಅವ್ವ ಬರುವುದಿಲ್ಲ ಎಂದುಕೊಂಡೇ ಅವನು ಕೇರಿಗೆ ಹೋದ. ಹುಲಿಗೆವ್ವ ಮಾತು ಮುಗಿಯುವ ಮೊದಲೇ ಕೋಲು ಹುಡುಕತೊಡಗಿದಳು.

"ಬರತೀಯೇನವ್ವ? ಆ ಬಾಗಿಲಿಗೆ?"

"ಯಾಕ ಬರಬಾರದು? ನನಗ ಒಂದು ನೋಡೋದೈತಿ."

"ಏನು?"

"ನಾಳೆ ನೋಡೀಯಂತ. ಎಲ್ಲಾ ಈಗ ಹೇಳಬೇಕೇನು ನಿನಗ?"

ಮುಂಜಾನೆ ಬಾಗಿಲು ನಿಂತಿತ್ತು. ಗೋಡೆ ಕಟ್ಟುವ ಗೌಂಡಿ ಮೌಲಾಸಾಬ ಎರಡೂ ಕಡೆ ಮರದ ಆಸರೆ ಕೊಟ್ಟು ನಿಲ್ಲಿಸಿದ್ದ. ಕದ ಮುಚ್ಚಿತ್ತು. ಮೇಲೆ ಆಕಾಶ, ಹಿಂದೆ ಹೊಳೆ, ನಡುವೆ ಒಂಟಿ ಬಾಗಿಲು. ಅದರ ನೆರಳು ಬಯಲಿನ ಮೇಲೆ ಒಂದು ಊರಿನಷ್ಟು ಉದ್ದ ಬಿದ್ದಿತ್ತು.

ಎಡಕ್ಕೆ ಬಯಲು, ಬಲಕ್ಕೆ ಬಯಲು. ಕುರಿಮರಿಯೊಂದು ಸುತ್ತಿ ಬಳಸಿ ಹೊಳೆಗೆ ಹೋಗಿ ನೀರು ಕುಡಿದು ಬಂತು. ಮನುಷ್ಯರು ಮಾತ್ರ ಬಾಗಿಲಿನ ಮುಂದೆ ನಿಂತೇ ಇದ್ದರು, ಆಚೆಯಿಂದ ಯಾರೋ ಕರೆಯಬೇಕೆಂಬಂತೆ.

ಹುಲಿಗೆವ್ವ ಬಂದಳು. ದೂರದಲ್ಲಿ ನಿಂತಳು. ಎಷ್ಟು ದೂರ ನಿಲ್ಲಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲ. ಕಾಲಿಗೆ ಗೊತ್ತಿತ್ತು.

ಮೈಲಾರಿ ಕೊಡಲಿಯ ಕಾವನ್ನು ಬಿಗಿಯಾಗಿ ಹಿಡಿದ.

ನೀಲವ್ವ ಕುಂಕುಮದ ತಟ್ಟೆ ಚಾಚಿದಳು. "ಬಾ ಹುಲಿಗೆವ್ವ. ಪೂಜಿ ಮಾಡು."

"ಪೂಜಿ ಆಮ್ಯಾಲ, ತಾಯಿ. ಮೊದಲು ನಂದೊಂದು ಆಸೆ ಐತಿ. ನಗಬ್ಯಾಡ್ರಿ."

"ಹೇಳು."

"ಇದರ ಬೆನ್ನು ನೋಡಬೇಕು. ಹರೇದಾಕಿ ಇದ್ದಾಗಿಂದ ಬರೇ ಮಾರಿ ನೋಡೀನಿ. ಆ ಎಡಗಡಿ ಗಿಳಿಗೆ ಕಣ್ಣು ಕೆತ್ತೋದು ಮರತಾರ, ಅದೂ ಗೊತ್ತೈತಿ. ಹಿಂದ ಹ್ಯಾಂಗೈತಿ, ಗೊತ್ತಿಲ್ಲ."

ಜನ ಗಿಳಿಯ ಕಡೆ ನೋಡಿದರು. ಕಣ್ಣಿರಲಿಲ್ಲ.

"ಹೋಗವ್ವ," ಎಂದ ಮೈಲಾರಿ. "ನಾ ತಗೀತೀನಿ ಕದ. ನೆಟ್ಟಗ ದಾಟಿ ಹೋಗಿ ನೋಡು. ಯಾವನು ಬ್ಯಾಡಂತಾನ ನೋಡತೀನಿ."

"ಬ್ಯಾಡಂತ ಯಾರೂ ಅಂದಿಲ್ಲೋ. ಕಾಲು ಬರಂಗಿಲ್ಲ."

ಅವಳು ಕೋಲೂರಿಕೊಂಡು ಬಾಗಿಲನ್ನು ಬಳಸಿ, ದೂರದಿಂದಲೇ ಸುತ್ತು ಹಾಕಿ ನಡೆದಳು.

ಗೋಡೆಯಿಲ್ಲದ ಬಾಗಿಲನ್ನು ಅವ್ವ ಸುತ್ತಿ ಹೋಗುವುದನ್ನು ಮೈಲಾರಿ ನೋಡಿದ. ಗೋಡೆ ಎಲ್ಲಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಅದನ್ನು ಅವಳ ಕಾಲೊಳಗೆ ಕಟ್ಟಿದ್ದರು. ದೇಸಾಯರ ವಾಡೆ ಬಿದ್ದರೂ ಅದು ಬಿದ್ದಿರಲಿಲ್ಲ.

ಅವನು ಅವಳ ಹಿಂದೆ ಹೋದ. ಜನರೂ ಹೋದರು. ನೀಲವ್ವ ತಟ್ಟೆ ಹಿಡಿದು ಮುಂದೆಯೇ ನಿಂತಳು.

ಬಾಗಿಲಿನ ಬೆನ್ನಿನಲ್ಲಿ ಬಳ್ಳಿ ಇರಲಿಲ್ಲ. ಗಿಳಿ ಇರಲಿಲ್ಲ. ಬೋಳು ಹಲಗೆ. ಮೇಲೊಂದು ಅಗುಳಿ, ನಡುವೊಂದು ಅಗುಳಿ, ಕೆಳಗೊಂದು. ಅವುಗಳ ನಡುವೆ ಸರಪಳಿ. ಸರಪಳಿ ಸಾಲದೆಂದು ಆಮೇಲೆ ಬಡಿದ ಕಬ್ಬಿಣದ ಪಟ್ಟಿ. ತಲೆಮಾರುಗಳ ಕೈ ತಾಗಿ ಅಗುಳಿಗಳು ಕರ್ರಗೆ ಹೊಳೆಯುತ್ತಿದ್ದವು.

ಹುಲಿಗೆವ್ವ ಹಲಗೆಯ ಮೇಲೆ ಅಂಗೈ ಆಡಿಸಿದಳು. ಅವಳ ಬಾಯಿ ತೆರೆದೇ ಇತ್ತು.

"ಇಲ್ಲೇನೂ ಇಲ್ಲಲ್ಲೋ ಮೈಲಾರಿ! ಚಂದ ಅನ್ನೋದೆಲ್ಲಾ ನನ್ನ ಕಡೀಗೇ ಇತ್ತು! ಇವರು ಒಳಗ ಕುಂತು ಇದನ್ನ ನೋಡತಿದ್ರೇನು?"

ಅವಳು ತಿರುಗಿ, ಜನರ ನಡುವೆ ನಿಂತಿದ್ದ ದೇಸಾಯರನ್ನು ಕೇಳಿದಳು. "ದಣ್ಯಾರ, ಇಷ್ಟೊಂದು ಅಗುಳಿ ಯಾತಕ್ರಿ?"

ಮುದುಕ ದೇಸಾಯಿ ನಡುವಿನ ಅಗುಳಿ ಮುಟ್ಟಿದ.

"ನಮ್ಮಪ್ಪ ರಾತ್ರಿ ಎದ್ದೆದ್ದು ಮುಟ್ಟಿ ನೋಡತಿದ್ದ, ಹಾಕೇತೋ ಇಲ್ಲೋ ಅಂತ. ಸಾಯೋತನಕ ನೆಟ್ಟಗ ನಿದ್ದಿ ಮಾಡಲಿಲ್ಲ."

"ಅಯ್ಯ, ಪಾಪ! ನಾವು ಬಯಲಾಗ ಗೊರಕಿ ಹೊಡೀತಿದ್ದಿವ್ರೀ."

ಜನ ನಕ್ಕರು. ದೇಸಾಯಿ ನೆಲ ನೋಡಿದ.

ಮೈಲಾರಿ ನಗಲಿಲ್ಲ. ಹುಟ್ಟಿದಾಗಿನಿಂದ ಅವನ ಎದೆಯ ಮೇಲೆ ನಿಂತಿದ್ದ ಬೆಟ್ಟದಂಥ ಬಾಗಿಲು ಅದು. ಅದರ ಬೆನ್ನಿನ ತುಂಬ ಭಯ ಬಡಿದಿಟ್ಟಿದ್ದರು.

ಹುಲಿಗೆವ್ವ ಕೋಲನ್ನು ಕೆಳಗಿಟ್ಟು ಎರಡೂ ಕೈಯಿಂದ ಅಗುಳಿ ಹಿಡಿದಳು. ಮೈಲಾರಿ ಮುಂದೆ ಬಂದ.

"ಸರಿ ಆಚಿಗೆ," ಎಂದಳು ಹುಲಿಗೆವ್ವ. " ನಾ ತಗೀತೀನಿ."

ಕೆಳಗಿನದು ಜಾರಿತು. ನಡುವಿನದು ಕಿರುಗುಟ್ಟಿ ಬಂತು. ಮೇಲಿನದಕ್ಕೆ ಅವಳು ತುದಿಗಾಲಲ್ಲಿ ನಿಂತಳು. ಮೈಲಾರಿ ಅವಳನ್ನು ಎತ್ತಿ ಹಿಡಿದ, ಅಗುಳಿಯನ್ನು ಮುಟ್ಟಲಿಲ್ಲ. ಸರಪಳಿ ಬಿತ್ತು. ಕದಗಳು ನರಳುತ್ತ ತೆರೆದುಕೊಂಡವು.

ಬೆಳಕು ಒಮ್ಮೆಲೇ ಅವಳ ಬೆನ್ನ ಹಿಂದಿನಿಂದ ನುಗ್ಗಿ, ಆಚೆ ಬಿದ್ದಿದ್ದ ಉದ್ದನೆಯ ನೆರಳನ್ನು ನಡುವೆ ಸೀಳಿತು. ಯಾರೋ ಶಿವಶಿವಾ ಎಂದರು.

ಹುಲಿಗೆವ್ವ ಕಾಲೆತ್ತಿ ಹೊಸ್ತಿಲು ದಾಟಿದಳು. ಎಂದೂ ಅದರೊಳಗೆ ಹೋಗದವಳು ಅದರೊಳಗಿನಿಂದ ಬಂದಳು. ಆಚೆ ನಿಂತು ನೀಲವ್ವನ ಕೈಯಿಂದ ತಟ್ಟೆ ತೆಗೆದುಕೊಂಡು, ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟಳು. ಒಮ್ಮೆ ಸಗಣಿ ಹಾಕಿ ತೊಳೆದಿದ್ದ ಜಾಗದ ಮೇಲೂ ಇಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು, ತಲೆಯೆತ್ತಿ ಗಿಳಿಗಳನ್ನು ನೋಡತೊಡಗಿದಳು, ತನ್ನ ಮನೆಯ ಗೋಡೆ ನೋಡುವವಳ ಹಾಗೆ.

ಮೈಲಾರಿ ಹಿಂದೆಯೇ ನಿಂತಿದ್ದ. ಚೌಕಟ್ಟಿನ ನಡುವೆ ಅವ್ವ, ಅವಳಾಚೆ ಬೇವಿನ ಮರ. ಅವನ ಕೈ ಮುಗಿದಿತ್ತು. ಯಾರಿಗೆಂದು ಅವನಿಗೂ ಗೊತ್ತಿರಲಿಲ್ಲ.

"ಎಲ್ಲಿ ನಿನ್ನ ಕೊಡಲಿ?" ಎಂದಳು ನೀಲವ್ವ. "ಗ್ವಾಡಿ ಗುರುತಿಗೆ ಗೂಟ ಬೇಕು. ಕೆತ್ತು."

ಮೈಲಾರಿ ಕೂತು ಗೂಟ ಕೆತ್ತಿದ. ಮೌಲಾಸಾಬ ಹಗ್ಗ ಬಿಚ್ಚಿದ.

"ಒಳಗ ಅನ್ನೋದು ಯಾವ ಕಡಿ, ತಾಯಿ? ಹೊಳಿ ಕಡಿ ಅಲ್ಲೇನು?"

ನೀಲವ್ವ ಶಿಷ್ಯನನ್ನು ನೋಡಿದಳು.

ಮೈಲಾರಿ ಎದ್ದು, ಹೊಸ್ತಿಲು ದಾಟಿ, ಅವ್ವ ಕೂತಿದ್ದ ಜಾಗದ ಆಚೆ ಮೊದಲ ಗೂಟ ಬಡಿದ.

"ನಮ್ಮವ್ವ ಕುಂತ ಕಡಿ ಒಳಗ."

"ಏ ತಮ್ಮಾ, ತಲಿ ಐತಿಲ್ಲೋ?" ಎಂದ ಮೌಲಾಸಾಬ. "ಹಂಗ ಮಾಡಿದ್ರ ಅಗುಳಿ ಎಲ್ಲಾ ಹೊರಗ ಉಳೀತಾವು. ಬಂದಾಂವ ತಾನ ತಗದು ಒಳಗ ಬರತಾನ. ಒಳಗಿದ್ದಾಂವಗ ಹಾಕ್ಕೊಳ್ಳಾಕ ಒಂದೂ ಇರಂಗಿಲ್ಲ. ಇಂಥಾ ಬಾಗಿಲು ಎಲ್ಲೆರ ನೋಡಿದ್ದೀರೇನು, ತಾಯಿ?"

ನೀಲವ್ವ ಹಗ್ಗದ ಇನ್ನೊಂದು ತುದಿಯನ್ನು ತಾನೇ ಹಿಡಿದು, ಹುಲಿಗೆವ್ವನ ಪಕ್ಕದಿಂದ ಎಳೆದಳು.

"ಇಷ್ಟು ದಿನ ಇದೂ ಗ್ವಾಡಿನ ಆಗಿತ್ತು, ಮೌಲಾಸಾಬ. ಬಾಗಿಲಾಗಿದ್ದು ಇವತ್ತ."