ಮಾಳಿಗೆಯಿಂದ ಇಳಿದ ಮಣ್ಣು

ಶಿಷ್ಯ ನಿರುಪಾದಿ ಕೇಳಿದ: "ಗುರುಗಳೇ, ನನ್ನ ದೋಷ ಸಿಟ್ಟು. ಅದು ಬಂದಾಗಲೆಲ್ಲ ವಾರಕ್ಕೊಂದು ಉಪವಾಸ ಹೆಚ್ಚಿಸುತ್ತಾ ಬಂದೆ. ಈಗ ವಾರಕ್ಕೆ ನಾಲ್ಕಾಗಿವೆ. ಆದರೂ ಸಿಟ್ಟು ಹೋಗಿಲ್ಲ. ಐದನೆಯದನ್ನು ಯಾವ ದಿನ ಇಟ್ಟುಕೊಳ್ಳಲಿ?"

ಗುರುಗಳು ನಕ್ಕು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನದು ಚಪ್ಪಟೆ ಸೂರಿನ ಮೇಲೆ ಮಣ್ಣು ಹಾಸಿದ ಮಾಳಿಗೆಯ ಮನೆ. ಅವನು ನೇಯ್ದ ಸೀರೆಯಲ್ಲಿ ಒಂದು ಎಳೆಯ ತಪ್ಪೂ ಹುಡುಕಲಾಗುತ್ತಿರಲಿಲ್ಲ. ಒಂದು ಕಸುಬು ಕೈಗೆ ಚೆನ್ನಾಗಿ ಹತ್ತಿದವನಿಗೆ ಒಂದು ರೋಗವಿರುತ್ತದೆ, ಊರಿನ ಎಲ್ಲ ಕಸುಬೂ ತನಗೆ ಬರುತ್ತದೆ ಅನ್ನಿಸುವ ರೋಗ. ಮಾಳಿಗೆ ಸೋರಿದರೆ ಅವನು ಯಾರನ್ನೂ ಕರೆಯುತ್ತಿರಲಿಲ್ಲ. ಮಳೆಗಾಲಕ್ಕೆ ಮುಂಚೆ ತಾನೇ ನೀರು ತಡೆಯುವ ಸವಳು ಮಣ್ಣು ತಂದು ಎರಡು ಬೆರಳು ದಪ್ಪ ಹಾಸಿ, ಬಡಿದು, ಕೈ ತೊಳೆದುಕೊಳ್ಳುತ್ತಿದ್ದ. ಹೀಗೆ ಇಪ್ಪತ್ತು ವರ್ಷ.

ಆ ವರ್ಷ ಅವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತನಕ್ಕೆ ಇದ್ದದ್ದು ಒಂದೇ ಖೋಲಿ. ಅಲ್ಲಿ ಹಾಸಿಗೆಯ ಮೇಲೆ ದಿನವೂ ಮಣ್ಣು ಉದುರುತ್ತಿತ್ತು. ಗೋಡೆಯ ನೆತ್ತಿಯಲ್ಲಿ ಕಂದು ಕಲೆ ಮಳೆಗಾಲದಿಂದ ಮಳೆಗಾಲಕ್ಕೆ ಅಗಲವಾಗುತ್ತ ಬಂದಿತ್ತು. ನೇಕಾರ ಮತ್ತೆ ಮಣ್ಣಿನ ಬುಟ್ಟಿ ಹೊತ್ತು ಏಣಿ ಹತ್ತಹೊರಟ. ಹೆಂಡತಿ ಏಣಿಗೆ ಅಡ್ಡ ನಿಂತಳು.

"ಈ ಖೋಲ್ಯಾಗ ಮಗಳ್ನ ನಾ ಮಲಗಸೂದಿಲ್ಲ. ಬಲ್ಲವ್ರನ್ನ ಕರಸ್ರಿ."

ಅವನಿಗೆ ಅವಮಾನವಾಯಿತು. ಆದರೂ ಮನೆ ಕಟ್ಟುವವರನ್ನು ಕರೆಸಿದ. ಮೊದಲು ಬಂದ ಗೌಂಡಿ ಬೀದಿಯಲ್ಲೇ ನಿಂತು, ಇನ್ನೆರಡು ಬಂಡಿ ಮಣ್ಣು ಸಾಕೆಂದು ಹೇಳಿ ಹೋದ. ನೇಕಾರನಿಗೆ ಖುಷಿಯೋ ಖುಷಿ. ಎರಡನೆಯ ಗೌಂಡಿ ಮುದುಕ. ಅವನು ಒಳಗೆ ಬಂದು ಖೋಲಿಯ ಬಾಗಿಲನ್ನು ತಳ್ಳಿದ. ಅದು ಅರ್ಧಕ್ಕೇ ಸಿಕ್ಕಿಕೊಂಡಿತು.

"ಯಜಮಾನ್ರ, ಈ ಬಾಗಲಾ ಎಷ್ಟ ಸಲ ಕೆತ್ತಿಸೀರಿ?"

"ಮೂರ ಸಲ. ಮಳಿಗಾಲಕ್ಕ ಕಟಗಿ ಉಬ್ಬತೈತಿ."

"ಈಗ ಬ್ಯಾಸಗಿ ಐತೆಲ್ರಿ. ಬಾಗಲಾ ಉಬ್ಬಿಲ್ಲ, ಮ್ಯಾಲಿನ ತೊಲಿ ಭಾರಕ್ಕ ಕುಂತೈತಿ. ನೀವು ಸೋರೂದು ನಿಲ್ಲಿಸಿಲ್ಲ, ಮನಿ ಮ್ಯಾಲೆ ಇನ್ನೊಂದು ಮನಿ ಹೊರಿಸೀರಿ."

ಮುದುಕ ಮೊದಲು ತೊಲೆಗೆ ಕಂಬ ಕೊಟ್ಟು ನಿಲ್ಲಿಸಿದ. ಆಮೇಲೆ ಮಣ್ಣು ಇಳಿಸಲು ಶುರುಮಾಡಿದ. ಒಂದೊಂದು ಬಂಡಿ ಹೋದಾಗಲೂ ನೇಕಾರ ಅದರ ಹಿಂದೆಯೇ ಬೀದಿಯ ತುದಿಯ ತನಕ ಹೋಗಿ ಬರುತ್ತಿದ್ದ. ಮೂವತ್ತು ಬಂಡಿ ಇಳಿದ ಮೇಲೆ ಮಾಳಿಗೆಯ ನೀರು ಹೋಗಲು ಅವನ ಅಜ್ಜ ಇಟ್ಟಿದ್ದ ಕಲ್ಲಿನ ದೋಣಿ ಕಾಣಿಸಿತು. ನೇಕಾರನೇ ಅದನ್ನು ಮಣ್ಣಿನಲ್ಲಿ ಹೂತಿದ್ದ. ನಿಂತ ನೀರು ಗೋಡೆಗೆ ಇಳಿದು, ತೊಲೆಯ ತುದಿಗೆ ಗೆದ್ದಲು ಹಿಡಿದಿತ್ತು. ಮುದುಕ ಬೆರಳಿನಿಂದ ಒತ್ತಿದ. ಆ ತುದಿ ಅವಲಕ್ಕಿಯ ಹಾಗೆ ಉದುರಿತು. ಅದರ ನೇರ ಕೆಳಗೆ ಮಗಳ ಹಾಸಿಗೆ ಇತ್ತು. ನೇಕಾರ ಅಲ್ಲೇ ಕುಸಿದು ಕೂತು ಅತ್ತ.

ಮುದುಕ ಹೊಸ ತೊಲೆ ಕೂಡಿಸಿ, ದೋಣಿಯ ಕಡೆಗೆ ಇಳಿಜಾರು ಕೊಟ್ಟು, ಮೇಲೆ ಒಂದು ಗೇಣು ಮಣ್ಣು ಮಾತ್ರ ಹಾಸಿದ.

ಮೊದಲ ದೊಡ್ಡ ಮಳೆ ಬಂದ ದಿನವೇ ಮಗಳಿಗೆ ನೋವು ಶುರುವಾಯಿತು. ನೇಕಾರ ಹಳೆಯ ಅಭ್ಯಾಸದಂತೆ ಕೊಡ, ಪರಾತ, ತಂಬಿಗೆ ಎಲ್ಲವನ್ನೂ ಖೋಲಿಯ ಹೊರಗೆ ಸಾಲಾಗಿ ಇಟ್ಟುಕೊಂಡು ಕಾದ. ಮಳೆ ಆಕಾಶವೇ ಹರಿದುಬಿದ್ದಂತೆ ಸುರಿಯಿತು. ಒಳಗೆ ಒಂದು ಹನಿಯೂ ಬೀಳಲಿಲ್ಲ. ದೋಣಿಯಿಂದ ನೀರು ಬೀದಿಯ ನಡುವಿಗೆ ಹಾರಿತು. ಅಷ್ಟರಲ್ಲಿ ಒಳಗಿನಿಂದ ಕೂಸಿನ ಅಳು ಕೇಳಿಸಿತು. ನೇಕಾರ ಒಣಗಿಯೇ ಉಳಿದಿದ್ದ ಆ ಅಗಲದ ಪರಾತವನ್ನು ಎತ್ತಿಕೊಂಡು ಮಳೆಗೆ ಓಡಿದ. ಅದನ್ನು ಬಾರಿಸುತ್ತಾ ಓಣಿಯ ತುಂಬ ಕುಣಿದ. ಮನೆಮನೆಯ ಜನ ಹೊರಬಂದು ನೆನೆಯುತ್ತಲೇ ಅವನೊಡನೆ ಕುಣಿದರು. ಅವನು ಓಡಿಹೋಗಿ ಆ ಮುದುಕನನ್ನು ಕೈಹಿಡಿದು ಕರೆತಂದು, ಮೊಮ್ಮಗಳನ್ನು ಮೊದಲು ಅವನ ತೋಳಿಗೆ ಕೊಟ್ಟ.

ಗುರುಗಳು ಕತೆ ಮುಗಿಸಿ ಶಿಷ್ಯನ ಕಡೆಗೆ ತಿರುಗಿದರು.

"ಆ ನಾಲ್ಕು ಉಪವಾಸಗಳನ್ನೂ ಇಳಿಸಿ ಬಾ ನಿರುಪಾದಿ, ನಿನ್ನ ತೊಲೆ ಎಲ್ಲಿ ಕುಂತಿದೆಯೋ ನೋಡುತ್ತೇನೆ."