ನಾಯಕರ ಎಲೆಯ ಹೋಳಿಗೆ

"ಕನ್ನಡದ ನುಡಿಗಟ್ಟುಗಳೇ? ನನ್ನ ನಾಲಗೆಯ ತುದಿಯಲ್ಲಿ ಕುಣಿಯುತ್ತವೆ!" ಎಂದು ಹುಲಿಗುಡ್ಡದ ಪಾಳೆಯಗಾರ ಬೊಮ್ಮಣ್ಣ ನಾಯಕರು ಹಬ್ಬದ ಪಂಕ್ತಿಯಲ್ಲಿ ಕೂತು ಜಂಬ ಕೊಚ್ಚಿದರು. ಬಂತು ನೋಡಿ ಗ್ರಹಚಾರ.

ಎದುರು ಕುರ್ಚಿಯಲ್ಲಿದ್ದ ಅತಿಥಿ ಪಾರ್ಕರ್ ದೊರೆ ಕನ್ನಡ ಕಲಿತ ಇಂಗ್ಲೆಂಡಿನವನು. "ಹಾಗಾದರೆ 'ಕೈ' ಒಂದೇ ಸಾಕು. ನಮ್ಮಲ್ಲಿ 'ಕೈ ಕೊಡು' ಅಂದರೆ ನೆರವಾಗು. 'ಹಳೆಯ ಕೈ' ಅಂದರೆ ಪಳಗಿದವನು. 'ಕೈಯಿಂದ ಬಾಯಿಗೆ' ಅಂದರೆ ಅಂದಿನ ದುಡಿಮೆ ಅಂದಿಗೇ. ಇದಕ್ಕಿಂತ ಹೆಚ್ಚು ಹೇಳಿ ನೋಡೋಣ. ಮೊದಲ ತುತ್ತು ಬಾಯಿಗಿಡುವುದರೊಳಗೆ ನಿಮ್ಮ ಬಾಯಿಂದಲೇ ಬರಬೇಕು, ಯಾರೂ ಹೇಳಿಕೊಡಬಾರದು. ಸೋತರೆ ನಿಮ್ಮ ಬಿಳಿ ಕುದುರೆ ನನ್ನದು. ಗೆದ್ದರೆ ನನ್ನ ಬಂದೂಕು ನಿಮ್ಮದು."

"ಒಪ್ಪಿದೆ!" ಎಂದರು ನಾಯಕರು. "ಕೈ... ಕೈ..."

ಅಷ್ಟೇ. ಮುಂದೆ ಬರಲೊಲ್ಲದು.

ನಾಯಕರು ಉಣ್ಣದೆ ಯಾರೂ ಎಲೆ ಮುಟ್ಟುವಂತಿಲ್ಲ, ಅದು ಕೋಟೆಯ ಪದ್ಧತಿ. ತಪ್ಪಿದವನು ಊರು ಬಿಡಬೇಕು. ಬಿಸಿ ಹೋಳಿಗೆ ಆರುತ್ತಿತ್ತು, ಪಂಕ್ತಿಯಲ್ಲಿದ್ದ ಪಂಡಿತರು ಜೊಲ್ಲು ನುಂಗುತ್ತಿದ್ದರು.

ಪಕ್ಕದಲ್ಲಿದ್ದ ವಿದೂಷಕ ಓಬಯ್ಯ ಲೆಕ್ಕ ಹಾಕಿದ. ಕುದುರೆ ಹೋದರೆ ನಾಯಕರು ವರ್ಷವೆಲ್ಲ ಅಳುತ್ತಾರೆ. ಅವರನ್ನು ನಗಿಸುವ ಕರ್ಮ ತನ್ನದೇ!

ಹಸಿವು ತಾಳದೆ ನಾಯಕರು "ಹಾಳಾಗಲಿ" ಎಂದು ಹೋಳಿಗೆ ಎತ್ತಿದರು. ಬಾಯಿಗೆ ಇನ್ನೇನು ಬೆರಳಷ್ಟು ದೂರ. ಓಬಯ್ಯ ದೇವರ ಮೇಲೆ ಭಾರ ಹಾಕಿ ಅದನ್ನು ಕಸಿದು ಗುಳುಂ ಮಾಡಿಬಿಟ್ಟ.

ಪಂಕ್ತಿಗೆ ಪಂಕ್ತಿಯೇ ಹೌಹಾರಿತು.

"ಅಯ್ಯೋ ಪಾಪಿ!" ನಾಯಕರು ಗುಡುಗಿದರು. "ಕೈ ಹಿಡಿದು ಮೇಲೆ ತಂದವನಿಗೇ ಕೈ ಕೊಟ್ಟೆಯೇನೋ?"

"ಅಂದರೆ ನೆರವಾದನೇ?" ದೊರೆ ಕೇಳಿದ.

"ದ್ರೋಹ ಮಾಡಿದ ಕಣಯ್ಯಾ! ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ! ಲೋ ಓಬಯ್ಯ, ನಿನ್ನ ಕೊಬ್ಬು ಕೈ ಮೀರಿತು. ನಾನೇನು ಕೈಲಾಗದವನೇ? ಇನ್ನು ಕೈ ಕಟ್ಟಿ ಕೂರುವವನಲ್ಲ ನಾನು. ಇವತ್ತಿಗೆ ನಿನ್ನ ಕೈ ಬಿಟ್ಟೆ, ಹೊರಡು ಊರಿಂದ!"

ಎಣಿಸುತ್ತಿದ್ದ ದೊರೆಗೆ ಒಂದು ಕೈಯ ಬೆರಳು ಸಾಲಲಿಲ್ಲ. ಅವನು ಬಂದೂಕು ತೆಗೆದು ಮುಂದಿಟ್ಟ. "ಇದೇಕೆ?" ಎಂದರು ನಾಯಕರು.

"ಬುದ್ಧಿ," ಓಬಯ್ಯ ತುಟಿಯ ತುಪ್ಪ ಒರೆಸಿಕೊಂಡ, "ಇವು ಕರೆದರೆ ಬರುವ ಮಾತಲ್ಲ. ಹೋಳಿಗೆ ಕಸಿದರೆ ಬರುತ್ತವೆ."

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಊರು ಬಿಡುವ ಶಿಕ್ಷೆ ಅಲ್ಲೇ ಮುಗಿಯಿತು. ತಮ್ಮ ಕೊರಳ ಸರವನ್ನೇ ತೆಗೆದು ಓಬಯ್ಯನಿಗೆ ಹಾಕಿದರು.

ದೊರೆಗೆ ಮಾತ್ರ ಸೋಲು ಅರಗಲಿಲ್ಲ. "ನಾಳೆ 'ತಲೆ'ಯ ಮೇಲೆ ಪಣ! ಒಪ್ಪುತ್ತೀರಾ?"

ನಾಯಕರು ಉತ್ತರಿಸುವ ಮೊದಲೇ ಓಬಯ್ಯ ಅಡುಗೆಯವನ ಕಡೆ ತಿರುಗಿದ.

"ನಾಳೆ ಬುದ್ಧಿಯವರ ಎಲೆಗೆ ಗಸಗಸೆ ಪಾಯಸ ಬಡಿಸಪ್ಪಾ. ನಾನು ಹಸಿದುಕೊಂಡೇ ಬರುತ್ತೇನೆ."