ಅಳತೆಗೆ ಕೂತ ಬೆನ್ನು

“ಅಮ್ಮಾ, ಯಾರೂ ದೂರು ಹೇಳದಿದ್ದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದೇ ಅರ್ಥವಲ್ಲವೆ?”

ಶಿಷ್ಯ ಗುರುಮಾತೆಯನ್ನು ಹೀಗೆ ಕೇಳಿದ. ಆಶ್ರಮದ ಉಗ್ರಾಣ, ಅಡುಗೆಮನೆ, ಅಲ್ಲಿ ದುಡಿಯುವ ಇಪ್ಪತ್ತೆರಡು ಮಂದಿ, ಎಲ್ಲವೂ ಅವನ ಉಸ್ತುವಾರಿಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ಒಬ್ಬರೂ ಒಂದು ಮಾತು ಆಡಿರಲಿಲ್ಲ. ಹಿಂದಿನ ದಿನ ಅಡುಗೆಯವರಲ್ಲಿ ಒಬ್ಬ ಯಾರಿಗೂ ಹೇಳದೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಹೋಗಿದ್ದ. ಪ್ರಶ್ನೆ ಬಂದದ್ದು ಅದಕ್ಕೆ. ಉತ್ತರವನ್ನೂ ಅವನೇ ತಂದಿದ್ದ. ಅವನಿಗೆ ಬೇಕಾಗಿದ್ದದ್ದು ಒಂದು ಹೂಂ ಮಾತ್ರ.

ಗುರುಮಾತೆ ಹೂಂ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಮೊದಲು ಬಾಗಿಲು, ಕಿಟಕಿ, ತೊಟ್ಟಿಲು ಮಾಡುತ್ತಿದ್ದವನು ಆಮೇಲೆ ಗಾಲಿಕುರ್ಚಿ ಮಾಡತೊಡಗಿದ. ಪೇಟೆಯಲ್ಲಿ ಸಿಗುವ ಗಾಲಿಕುರ್ಚಿ ಎಲ್ಲರಿಗೂ ಒಂದೇ ಅಳತೆಯದು. ಬೆನ್ನು ಹಾಗಲ್ಲ. ಒಬ್ಬರದು ಬಲಕ್ಕೆ ಬಾಗಿರುತ್ತದೆ, ಒಬ್ಬರದು ಸೊಂಟದಲ್ಲಿ ನಿಲ್ಲುವುದಿಲ್ಲ, ಇನ್ನೊಬ್ಬರಿಗೆ ಕತ್ತೇ ಭಾರ. ಬಡಗಿ ಒಬ್ಬೊಬ್ಬರ ಮನೆಗೂ ಹೋಗಿ ಅಳತೆ ತೆಗೆದು ಅವರವರ ಮೈಗೆ ತಕ್ಕ ಆಸನ ಮಾಡಿಕೊಡುತ್ತಿದ್ದ. ಒದ್ದೆ ಮರಳು ತುಂಬಿದ ಚೀಲದ ಮೇಲೆ ಅವರನ್ನು ಕೂರಿಸುತ್ತಿದ್ದ. ಬಿದ್ದ ಗುಳಿಯ ಅಚ್ಚು ತೆಗೆದು ಅದಕ್ಕೆ ಸರಿಯಾಗಿ ಸ್ಪಂಜು ಕೊರೆಯುತ್ತಿದ್ದ. ಬೆನ್ನಿಗೆ ಮೂರು ಹಲಗೆ: ಸೊಂಟಕ್ಕೊಂದು, ಪಕ್ಕೆಗೊಂದು, ಹೆಗಲಿಗೊಂದು. ತಿರುಪು ಸಡಿಲಿಸಿ ಮೂರನ್ನೂ ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಬಹುದಿತ್ತು. ಸರಿಸುವವನು ಮಾತ್ರ ಅವನೊಬ್ಬನೇ. ಎಲ್ಲ ಹೊಂದಿಸಿ ಬಿಗಿದ ಮೇಲೆ ತಿರುಪು ತಿರುಗಿಸುವ ಪಾನಾವನ್ನು ಜೇಬಿಗೆ ಹಾಕಿಕೊಂಡು ಬಂದುಬಿಡುತ್ತಿದ್ದ. ಮನೆಯವರ ಕೈಗೆ ಕೊಟ್ಟರೆ ಕೆಡಿಸಿಬಿಡುತ್ತಾರೆ ಎನ್ನುತ್ತಿದ್ದ.

ಕೆಲಸ ಒಳ್ಳೆಯದಿತ್ತು. ಹೆಸರು ಬಂತು. ಹೆಸರು ಬಂದ ಮೇಲೆ ಬರುವ ನಡಿಗೆಯೂ ಬಂತು.

ಆದರೆ ಅವನ ಕಣ್ಣು ಬಾಗಿಲು ಮಾಡುವವನ ಕಣ್ಣಾಗಿಯೇ ಉಳಿದಿತ್ತು. ಚೌಕಟ್ಟು ನಿಲ್ಲಿಸುವಾಗ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಕೂದಲೆಳೆಯಷ್ಟು ವಾಲಿದ್ದರೂ ತಾಳದ ಕಣ್ಣು. ಮನುಷ್ಯರ ಬೆನ್ನ ಹಿಂದೆಯೂ ಅವನು ಅದೇ ದಾರವನ್ನು ಇಳಿಬಿಡುತ್ತಿದ್ದ.

ಅದೇ ಊರಿನಲ್ಲಿ ಸೀರೆಗೆ ಕುಚ್ಚು ಕಟ್ಟುವ ಹೆಂಗಸೊಬ್ಬಳಿದ್ದಳು. ಕಾಲಿನಲ್ಲಿ ಬಲವಿರಲಿಲ್ಲ, ಬೆನ್ನು ಎಡಕ್ಕೆ ಬಾಗಿತ್ತು. ಅಣ್ಣ ಅತ್ತಿಗೆಯ ಮನೆಯಲ್ಲಿ ನೆಲದ ಮೇಲೆ ಕೂತು, ಸೀರೆಯ ಅಂಚನ್ನು ಮಡಿಲಿಗೆ ಎಳೆದುಕೊಂಡು ಕಟ್ಟುತ್ತಿದ್ದಳು. ಅವಳು ಕಟ್ಟಿದ ಕುಚ್ಚು ಒಂದರಂತೆ ಒಂದು ಇರುತ್ತಿತ್ತು. ಅಂಗಡಿಯವರು ಮದುವೆಯ ಸೀರೆಗಳನ್ನು ಅವಳಿಗೇ ಕಳಿಸುತ್ತಿದ್ದರು. ಆ ಮನೆಯಲ್ಲಿ ಅವಳು ಯಾರ ಹಂಗಿನಲ್ಲೂ ಇಲ್ಲದೆ ಊಟ ಮಾಡುತ್ತಿದ್ದದ್ದು ಆ ಹತ್ತು ಬೆರಳುಗಳಿಂದ.

ಊರಿನ ಹಿರಿಯರು ಸೇರಿ ಅವಳಿಗೊಂದು ಕುರ್ಚಿ ಮಾಡಿಸಿಕೊಡಬೇಕೆಂದು ತೀರ್ಮಾನಿಸಿದರು. ಅವಳನ್ನು ಯಾರೂ ಕೇಳಲಿಲ್ಲ. ಒಳ್ಳೆಯದು ಮಾಡುವಾಗ ಕೇಳುವ ಪದ್ಧತಿ ಆ ಊರಿನಲ್ಲಿರಲಿಲ್ಲ. ಬೇರೆ ಊರುಗಳಲ್ಲೂ ನಾನು ಕಂಡಿಲ್ಲ.

ಬಡಗಿ ಅಳತೆಗೆ ಬಂದ. ಜೊತೆಗೆ ನಾಲ್ಕು ಜನ ಹಿರಿಯರೂ ಬಂದು ಗೋಡೆಗುಂಟ ಕೂತರು. ಅವಳನ್ನು ಮರಳಿನ ಚೀಲದ ಮೇಲೆ ಕೂರಿಸಿದರು.

“ನೆಟ್ಟಗೆ ಕೂತ್ಕೊಳ್ಳಿ ತಾಯಿ” ಎಂದ ಬಡಗಿ.

ಅವಳು ನೆಟ್ಟಗೆ ಕೂತಳು. ಎರಡೂ ಕೈ ಸೆರಗಿನೊಳಗಿದ್ದವು. ಗಂಡಸರ ಮುಂದೆ ಸಂಕೋಚ ಎಂದುಕೊಂಡ ಅವನು. ದಾರ ಇಳಿಬಿಟ್ಟ. ಗುಂಡು ಆಡಿ ಆಡಿ ನಿಂತಿತು. ಬೆನ್ನು ದಾರಕ್ಕೆ ಎರಡು ಬೆರಳಷ್ಟೇ ಓರೆಯಿತ್ತು.

“ಈ ಬೆನ್ನು ಬಾಗಿದೆ ಅಂದೋರು ಯಾರ್ರೀ? ಇಂಥ ಬೆನ್ನಿಗೆ ಆಸನ ಮಾಡೋದು ನನ್ನ ಪುಣ್ಯ” ಎಂದ.

ಹಿರಿಯರು ತಲೆಯಾಡಿಸಿದರು. ಅವಳ ಮುಖ ಕೆಂಪಾಯಿತು. ಕಾಲು ಗಂಟೆಯಲ್ಲಿ ಅಳತೆ ಮುಗಿಯಿತು.

ಎರಡು ತಿಂಗಳ ಮೇಲೆ ಶಾಲೆಯ ಅಂಗಳದಲ್ಲಿ ಕುರ್ಚಿಯನ್ನು ಕೊಟ್ಟರು. ಹಾರ ಹಾಕಿದ್ದು ಕುರ್ಚಿಗೆ. ಅವಳು ಅದರಲ್ಲಿ ಕಂಬದಂತೆ ಕೂತಳು. ಜನ ಚಪ್ಪಾಳೆ ತಟ್ಟಿದರು. ಬಡಗಿ ಹಲಗೆಗಳನ್ನು ಬಿಗಿದು ಪಾನಾ ಜೇಬಿಗೆ ಹಾಕಿಕೊಂಡ.

ನಾಲ್ಕು ತಿಂಗಳು ಕಳೆಯಿತು. ಆ ಮನೆಯಿಂದ ಒಂದು ದೂರೂ ಬರಲಿಲ್ಲ. ಎರಡು ಸಲ ಅವನು ಹೇಳಿಕಳಿಸಿ ನೋಡಲು ಹೋದ. ಎರಡು ಸಲವೂ ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. “ಹೇಗಿದೆ?” ಎಂದರೆ “ಚೆನ್ನಾಗಿದೆ” ಎಂದಳು. ತನ್ನ ಕೆಲಸವನ್ನು ಕೇಳಿಕೊಂಡು ಬಂದವರಿಗೆಲ್ಲ ಅವನು ಆ ಕುರ್ಚಿಯ ಮಾತನ್ನೇ ಹೇಳುತ್ತಿದ್ದ.

ಒಂದು ದಿನ ದೂರದ ಊರಿನಿಂದ ಇಬ್ಬರು ಬಂದರು. ನಮ್ಮಲ್ಲೂ ಇಂಥದ್ದನ್ನು ಮಾಡಿಸಬೇಕು, ಒಂದನ್ನು ತೋರಿಸಿ ಎಂದರು. ಬಡಗಿಗೆ ಉತ್ಸಾಹ ಬಂತು. ಹೇಳಿಕಳಿಸುವಷ್ಟು ತಾಳ್ಮೆ ಉಳಿಯಲಿಲ್ಲ. ನೇರವಾಗಿ ಕರೆದುಕೊಂಡು ಹೋದ.

ಕುರ್ಚಿ ಅಂಗಳದ ಬಿಸಿಲಿನಲ್ಲಿತ್ತು. ಅದರ ಕೈಗಳ ಮೇಲೆ ಅಡ್ಡಲಾಗಿ ಮೊರ ಇಟ್ಟು ಸಂಡಿಗೆ ಒಣಹಾಕಿದ್ದರು.

ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡಗಿಗೆ ನಾಚಿಕೆಯಾಯಿತು. ಅದು ಮೊದಲನೆಯ ನಾಚಿಕೆ, ಅಗ್ಗದ್ದು. ಬೇರೆಯವರು ನೋಡಿಬಿಟ್ಟರಲ್ಲ ಎಂದು ಆಗುವಂಥದು. ಅದು ಬಂದಾಗ ಮನುಷ್ಯ ಸಿಟ್ಟಾಗುತ್ತಾನೆ.

“ಏನಮ್ಮಾ ಇದು? ಸಂಡಿಗೆ ಒಣಗಿಸೋಕೆ ನಾನು ಎರಡು ತಿಂಗಳು ಕೂತು ಮಾಡಿದ್ದಾ?”

ಅತ್ತಿಗೆ ಬಾಯಿ ಜೋರಿನವಳು. “ಸಂಡಿಗೆಗೆ ಬೆನ್ನಿಲ್ಲ ನೋಡಿ ಆಚಾರ್ರೆ, ಅದಕ್ಕೆ ಸರಿಯಾಗಿ ಹೊಂದ್ಕೊಂಡಿದೆ. ಬೆನ್ನಿರೋರು ಒಳಗಿದ್ದಾರೆ, ಹೋಗಿ ಅವರನ್ನೇ ಕೇಳಿ” ಎಂದಳು.

ಅವನು ಬಾಗಿಲಿಗೆ ಬಂದ. ಅವಳು ನೆಲದ ಮೇಲೆ, ಸುತ್ತಿಟ್ಟ ಕೌದಿಗೆ ಒರಗಿ ಕೂತಿದ್ದಳು. ಮೈ ಪೂರ್ತಿ ಎಡಕ್ಕೆ ಇಳಿದಿತ್ತು. ಎಡ ಮೊಣಕೈ ತೊಡೆಯ ಮೇಲಿತ್ತು, ಕಣ್ಣು ನೂಲಿಗೆ ಒಂದು ಗೇಣು ದೂರದಲ್ಲಿತ್ತು. ಬೆರಳುಗಳು ಆಡುತ್ತಿದ್ದವು. ಏನನ್ನೋ ಗುನುಗುತ್ತಿದ್ದಳು.

ತಲೆಯೆತ್ತಿ ಅವನನ್ನು ಕಂಡಳು. ತಕ್ಷಣ ನೂಲು ಬಿಟ್ಟಳು. ಎರಡೂ ಅಂಗೈಗಳನ್ನು ನೆಲಕ್ಕೆ ಊರಿದಳು. ಹಲ್ಲು ಕಚ್ಚಿ, ಪಕ್ಕೆ ಎತ್ತಿ, ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಬಂದು ನೆಟ್ಟಗಾದಳು. ಸೆರಗು ಜಾರಿ ಕೈಗಳನ್ನು ಮುಚ್ಚಿತು.

“ಬನ್ನಿ ಆಚಾರ್ರೆ” ಎಂದು ನಕ್ಕಳು.

ಇಷ್ಟನ್ನು ಬಡಗಿ ಎಂದೂ ನೋಡಿರಲಿಲ್ಲ. ಅವನು ಬರುವ ಹೊತ್ತಿಗೆ ಇದೆಲ್ಲ ಯಾವಾಗಲೂ ಮುಗಿದಿರುತ್ತಿತ್ತು.

“ಕೈ ಎತ್ತಿ ತಾಯಿ” ಎಂದ.

ಅವಳು ಎತ್ತಲಿಲ್ಲ. ಅವನು ಬಾಗಿಲಲ್ಲೇ ನಿಂತ. ಕೊನೆಗೆ ಎತ್ತಿದಳು. ಮೈ ಎಡಕ್ಕೆ ಕುಸಿಯಿತು. ರವಿಕೆಯ ಪಕ್ಕದಲ್ಲಿ ಅಂಗೈಯಗಲ ಕಲೆ ಇತ್ತು. ಹಲಗೆಯ ಅಂಚು ಒತ್ತಿ ಆದ ಹುಣ್ಣು ಇನ್ನೂ ವಾಸಿಯಾಗಿರಲಿಲ್ಲ.

“ನೀವು ಅಳತೆಗೆ ಬಂದ ದಿನ ಕೈ ಊರಿ ಕೂತಿದ್ದೆ” ಎಂದಳು. “ಹಿರೀಕರೆಲ್ಲ ಬಂದು ಕೂತಿದ್ರು, ಅವರ ಮುಂದೆ ಮುದ್ದೆ ಥರ ಹೇಗೆ ಕೂರಲಿ? ಕಾಲು ಗಂಟೆ ತಾನೆ, ನೀವು ಹೋಗೋವರೆಗೆ ತಡೀಬಹುದು ಅಂದ್ಕೊಂಡೆ. ನೀವು ಅದನ್ನೇ ಅಳತೆ ತಗೊಂಡು ಹೋದ್ರಿ.”

“ಒಂದು ಮಾತು ಹೇಳಬಾರದಿತ್ತಾ ತಾಯಿ?”

“ಹುಟ್ಟಿದಾಗಿಂದ ನನ್ನ ಬೆನ್ನನ್ನ ಹೊಗಳಿದೋರು ನೀವೊಬ್ರೇ ಆಚಾರ್ರೆ. ಅದು ಸುಳ್ಳು ಅಂತ ನಾನೇ ಹೇಗೆ ಹೇಳಲಿ?”

ಆ ಕುರ್ಚಿಯಲ್ಲಿ ಕೂರಬೇಕಾದರೆ ಅವಳಿಗೆ ಎರಡೂ ಕೈ ಬೇಕಾಗಿತ್ತು. ಕುಚ್ಚು ಕಟ್ಟಲು ಕೈ ಎತ್ತಿದರೆ ಮೈ ಜಾರಿ ಹಲಗೆಯ ಅಂಚಿಗೆ ಬೀಳುತ್ತಿತ್ತು. ನೋವು ತಡೆದುಕೊಂಡು ಕಟ್ಟಿದ ಕುಚ್ಚು ಒಂದು ಉದ್ದ, ಒಂದು ಗಿಡ್ಡ. ಮೂರು ಸೀರೆ ಅಂಗಡಿಯಿಂದ ವಾಪಸು ಬಂದಿದ್ದವು. ನಾಲ್ಕನೆಯದನ್ನು ಅವರು ಕಳಿಸಲೇ ಇಲ್ಲ. ಈಗ ಮಡಿಲಲ್ಲಿದ್ದ ಸೀರೆ ಪಕ್ಕದ ಮನೆಯವರದು. ಕರುಣೆಯಿಂದ ಕೊಟ್ಟದ್ದು ಎಂದು ಅವಳಿಗೂ ಗೊತ್ತಿತ್ತು.

ಬಡಗಿಗೆ ಎರಡನೆಯ ನಾಚಿಕೆ ಬಂತು. ಇದು ಬಂದಾಗ ಸಿಟ್ಟು ಬರುವುದಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಅವನು ಅಂಗಳಕ್ಕೆ ಬಂದು, ಅವಳಿಗೆ ಹುಷಾರಿಲ್ಲ, ಇನ್ನೊಮ್ಮೆ ನೋಡೋಣ ಎಂದು ಆ ಇಬ್ಬರನ್ನು ಕಳಿಸಿಬಿಟ್ಟ. ನನ್ನ ಕೆಲಸ ತಪ್ಪಿದೆ ಎನ್ನುವ ಧೈರ್ಯ ಬರಲಿಲ್ಲ. ತನ್ನ ತಪ್ಪನ್ನು ಆ ಹೊತ್ತಿನಲ್ಲೂ ಅವಳ ಮೈಯ ಮೇಲೆಯೇ ಹಾಕಿದ. ಒಳಗೆ ಕೂತವಳಿಗೆ ಅದು ಕೇಳಿಸಿತು. ಕೇಳಿಸಿತೆಂದು ಅವನಿಗೂ ಗೊತ್ತಾಯಿತು.

ಮರುದಿನ ಬೆಳಿಗ್ಗೆ ಮರಳಿನ ಚೀಲ ಹೊತ್ತು ಬಂದ. “ಇವತ್ತು ನಿಮಗೆ ಹೇಗೆ ಬೇಕೋ ಹಾಗೆ ಕೂತ್ಕೊಳ್ಳಿ” ಎಂದ. ಅವಳು ಕೂತಳು. ಬೆನ್ನು ನೆಟ್ಟಗಾಯಿತು. ಇಳಿಸಲು ನೋಡಿದಳು. ಇಳಿಯಲಿಲ್ಲ.

“ಆಗಲ್ಲ ಆಚಾರ್ರೆ. ನಿಮ್ಮ ಮುಖ ಕಂಡ್ರೆ ಅದು ತಾನಾಗೇ ಏಳುತ್ತೆ” ಎಂದಳು.

ಬಡಗಿ ದಾರ, ಗುಂಡು ಎರಡನ್ನೂ ಮನೆಯಲ್ಲಿಟ್ಟು ಬಂದ. ಬೇರೆ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿದ. ತಾನಿರುವುದು ಅವಳಿಗೆ ರೂಢಿಯಾಗಲಿ ಎಂದು ದಿನವೂ ಬಂದು ಅವಳ ಮನೆಯ ಜಗಲಿಯ ಮೇಲೆ ಕೂತು ತೊಟ್ಟಿಲ ಗೂಟಗಳನ್ನು ಕೆತ್ತುತ್ತಿದ್ದ. ಒಳಗೆ ನೋಡುತ್ತಿರಲಿಲ್ಲ. ಹಾಗೆ ಎಂಟು ದಿನವಾಯಿತು. ಅವಳು ಒಳಗೆ ನೆಟ್ಟಗೆ, ಅವನು ಹೊರಗೆ ನೆಟ್ಟಗೆ. “ನಮ್ಮನೇಲಿ ಎರಡು ಕಂಬ ನಿಲ್ಲಿಸಿದ್ದೀವಿ, ಸೂರು ಇನ್ನೂ ಬರಬೇಕು” ಎಂದು ಅತ್ತಿಗೆ ಹೋಗಿ ಬರುವವರಿಗೆಲ್ಲ ಹೇಳುತ್ತಿದ್ದಳು.

ಒಂಬತ್ತನೆಯ ದಿನ ಮಧ್ಯಾಹ್ನ ಬಡಗಿಗೆ ಕೂತಲ್ಲೇ ತೂಕಡಿಕೆ ಬಂತು. ಗೂಟ ಕೈಯಿಂದ ಜಾರಿತು. ತಲೆ ಎದೆಗೆ ಬಿತ್ತು, ಬಾಯಿ ತೆರೆಯಿತು, ಗೊರಕೆ ಬಂತು. ಊರೆಲ್ಲ ಹೆಸರಾದ ಆಚಾರಿ ಮೂಟೆಯಂತೆ ಒಂದು ಪಕ್ಕಕ್ಕೆ ವಾಲಿದ. ಒಳಗಿದ್ದವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕೈ ನೆಲವನ್ನು ಬಿಟ್ಟಿತು, ಮೈ ತಾನಾಗಿ ಇಳಿಯಿತು.

ನಗುವಿನ ಸದ್ದಿಗೆ ಅವನಿಗೆ ಎಚ್ಚರವಾಯಿತು. ಆದರೆ ಅವನು ನೆಟ್ಟಗಾಗಲಿಲ್ಲ. ತುಟಿಯ ಜೊಲ್ಲನ್ನೂ ಒರೆಸಿಕೊಳ್ಳದೆ ವಾಲಿದಂತೆಯೇ ಕೂತ. ಅವನು ಏಳದಿದ್ದದ್ದನ್ನು ಅವಳು ನೋಡಿದಳು. ಅವಳೂ ಏಳಲಿಲ್ಲ.

“ಹೀಗೇ ಅಳತೆ ತಗೊಳ್ಳಲಾ ತಾಯಿ?” ಎಂದು ಕೇಳಿದ.

“ತಗೊಳ್ಳಿ. ನಿಮ್ಮ ಗೊರಕೆ ಕೇಳಿದ ಮೇಲೆ ನನಗಿನ್ಯಾವ ನಾಚಿಕೆ?” ಎಂದಳು.

ಹೊಸ ಆಸನ ವಕ್ರವಾಗಿತ್ತು. ಎಡಗಡೆ ತಗ್ಗು, ಪಕ್ಕೆಯ ಹಲಗೆಗೆ ಅಂಚೇ ಇರಲಿಲ್ಲ, ಮೊಣಕೈ ಊರಲು ಒಂದು ಮಣೆ. ಬಡಗಿ ತಿರುಪುಗಳನ್ನು ಸಡಿಲವಾಗಿಯೇ ಬಿಟ್ಟು ಪಾನಾವನ್ನು ಅವಳ ಕೈಗೆ ಕೊಟ್ಟ. 'ಇದೇನು ಸೊಟ್ಟ ಕುರ್ಚಿ, ಯಾರು ಮಾಡಿದ್ದು' ಎಂದು ಬೀದಿಯಲ್ಲಿ ಕೇಳಿದವರಿಗೆ ಅವಳು ಅವನ ಹೆಸರನ್ನೇ ಹೇಳಿದಳು. ಅವರು ನಕ್ಕರು. ಅಂಗಡಿಯಿಂದ ಮೊದಲು ಒಂದು ಸೀರೆ ಬಂತು, ತಿಂಗಳು ಬಿಟ್ಟು ಮೂರು ಬಂದವು. ಹುಣ್ಣು ವಾಸಿಯಾಯಿತು. ಕಲೆ ಹೋಗಲಿಲ್ಲ.

ಬಡಗಿಗೆ ಅಲ್ಲಿಗೆ ಮುಗಿಯಲಿಲ್ಲ. ಅವಳಿಗಿಂತ ಮೊದಲು ಅವನು ಮೂವತ್ತೇಳು ಕುರ್ಚಿ ಮಾಡಿಕೊಟ್ಟಿದ್ದ. ಮೂವತ್ತೇಳು ಮನೆಗಳಲ್ಲಿ ಒಂದರಿಂದಲೂ ದೂರು ಬಂದಿರಲಿಲ್ಲ. ಹಿಂದೆ ಅದನ್ನು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಈಗ ರಾತ್ರಿ ಮಲಗಿ ಆ ಮನೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದ. ಮೊದಲನೆಯ ಮನೆಯ ತನಕ ಹೋಗಿ, ಬಾಗಿಲು ತಟ್ಟದೆ ಹಿಂದಕ್ಕೆ ಬಂದ. ಮರುದಿನ ಮತ್ತೆ ಹೊರಟ.

ಗುರುಮಾತೆ ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಬಾಡಿತ್ತು. ಹೊರಟುಹೋದ ಅಡುಗೆಯವನು ಆರು ವರ್ಷ ತನ್ನೆದುರು ಹೇಗೆ ನಿಲ್ಲುತ್ತಿದ್ದನೆಂದು ನೆನಪು ಮಾಡಿಕೊಳ್ಳಲು ನೋಡಿದ. ಕೈಕಟ್ಟಿ ನಿಂತದ್ದೊಂದೇ ನೆನಪಾಯಿತು. ಆದರೂ ಉಸ್ತುವಾರಿಯವನ ಬುದ್ಧಿ, ಬೇಗ ಒಂದು ದಾರಿ ಹುಡುಕಿತು.

“ತಪ್ಪಾಯಿತು ಅಮ್ಮಾ. ನಾಳೆ ಬೆಳಿಗ್ಗೆಯೇ ಎಲ್ಲರನ್ನೂ ಸಾಲಾಗಿ ಕೂರಿಸಿ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುತ್ತೇನೆ. ಬಾಯಿಬಿಟ್ಟು ಕೇಳಿದರೆ ಹೇಳದೆ ಇರುತ್ತಾರೆಯೆ?”

“ಅದಿರಲಿ. ಈಗ ನಾನು ನಿನ್ನನ್ನು ಕೇಳುತ್ತೇನೆ” ಎಂದರು ಗುರುಮಾತೆ. “ನನ್ನ ಹತ್ತಿರ ಬಂದು ಹದಿನಾಲ್ಕು ವರ್ಷವಾಯಿತು. ನಿನಗೆ ಇಲ್ಲಿ ಏನಾದರೂ ನೋವಿದೆಯೇನಪ್ಪಾ?”

“ಛೆ, ಉಂಟೆ ಅಮ್ಮಾ? ತಮ್ಮ ಹತ್ತಿರ ಇದ್ದುಕೊಂಡು ನನಗೆಂಥ ನೋವು?” ಎಂದ ಶಿಷ್ಯ. ಹೇಳುತ್ತಲೇ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡ.

“ಹದಿನಾಲ್ಕು ವರ್ಷ ನಾನೂ ಇದೇ ಅಳತೆಯನ್ನು ತೆಗೆದುಕೊಂಡೆ” ಎಂದರು ಗುರುಮಾತೆ.